ಕತ್ತೆಗೆ ಉಳಿದ ದನಿ

ಶಿರೋಳದ ಅಂಗನವಾಡಿ ಟೀಚರ್ ಗುಲ್ಷನ ಮಕ್ಕಳಿಗೆ ಕತೆ ಹೇಳಲು ಕೂತರೆ ಅಳುತ್ತ ಬಂದ ಮಗುವೂ ಅಳು ಮರೆಯುತ್ತಿತ್ತು. ಆ ದನಿ ಮೆಚ್ಚಿ ಸ್ಟುಡಿಯೋದವರೊಬ್ಬರು ಆಕೆಯನ್ನು ಡಬ್ಬಿಂಗಿಗೆ ಕರೆಸಿದರು. ಅಮೆರಿಕದ ಜನಪದ ಕತೆಗಳ ಕಾರ್ಟೂನು. ಜಡೆ ಬೀಸಿ ನದಿಯನ್ನೇ ತಿರುಗಿಸುವ ಗಟ್ಟಿಗಿತ್ತಿಗೂ ಅವಳ ಕತ್ತೆಗೂ ಗುಲ್ಷನ ತನ್ನೂರಿನ ಮಾತಿನಲ್ಲೇ ದನಿ ಕೊಟ್ಟು ಬಂದಳು. ಸ್ಟುಡಿಯೋದಲ್ಲಿ ಎದುರಿಗೆ ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಕಾರ್ಟೂನು ಬಂದ ದಿನ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಮೊಬೈಲ್ ಹಿಡಿದಳು. ಗಟ್ಟಿಗಿತ್ತಿ ಬಾಯಿ ತೆರೆದಳು. ಯಾರದೋ ದನಿ, ಪಠ್ಯಪುಸ್ತಕದ ಕನ್ನಡ! ಆಮೇಲೆ ಕತ್ತೆ ಬಾಯಿ ತೆರೆಯಿತು: "ಯವ್ವಾ, ಭಾಳ ಹಸಿವಾಗೈತಿ, ಲಗೂ ನಡಿ!" ಅದು ಮಾತ್ರ ಗುಲ್ಷನಳದೇ ದನಿ.

"ಟೀಚರ್, ಕತ್ತಿ ನಮ್ಮವ್ವನಂಗ ಮಾತಾಡತೈತಿ!" ಪುಟ್ಟ ಶ್ರದ್ಧಾ ಚಪ್ಪಾಳೆ ತಟ್ಟಿದಳು.

ಗುಲ್ಷನಳಿಗೆ ಮೈಯೆಲ್ಲ ಉರಿದುಹೋಯಿತು. ನಿಂತ ಕಾಲಲ್ಲೇ ಸ್ಟುಡಿಯೋಗೆ ಫೋನು ಹಚ್ಚಿದಳು.

"ನಾಯಕಿಗೆ ಆ ಭಾಷೆ ಸರಿಹೋಗಲ್ಲ ಮೇಡಂ," ಎಂದ ಅಲ್ಲಿಯವನು. "ಕತ್ತೆಗಾದ್ರೆ ಚೆನ್ನಾಗಿದೆ. ಮಕ್ಕಳು ನಗ್ತಾರೆ."

"ಯಾರ ಮಕ್ಕಳ್ರಿ?" ಗುಲ್ಷನಳ ದನಿ ಅಂಗಳ ದಾಟಿತು. "ನಿಮ್ಮ ಮಕ್ಕಳು ನಗಾಕ ನಮ್ಮ ಮಕ್ಕಳ ಅವ್ವ ಕತ್ತಿ ಆಗಬೇಕೇನ್ರಿ?"