ಮುಖ ಕೆಳಗಾಗಿ ಹಾಸಿದ ಕಲ್ಲು

ಹಿರೇಕೆರೂರಿನ ನಮ್ಮ ಸಣ್ಣ ಚರ್ಚಿನಲ್ಲಿ ಆ ಮಧ್ಯಾಹ್ನ ಇದ್ದದ್ದು ನಾಲ್ಕೇ ಜನ: ಪಾಸ್ಟರು, ನೆಲ ಹಾಸುವ ಗೌಂಡಿ, ನಿವೃತ್ತ ಶಾಲಾ ಮಾಸ್ತರರಾದ ನನ್ನ ಸೋದರಮಾವ, ನಾನು. ನಮ್ಮ ಸಭೆಗೆ ನೂರು ವರ್ಷ ತುಂಬುವ ಹಬ್ಬಕ್ಕೆಂದು ನೆಲ ರಿಪೇರಿ ನಡೆದಿತ್ತು. ಸಭೆಯ ಚರಿತ್ರೆ ಬರೆಯುವ ಕೆಲಸ ಮಾವನದು, ಟೈಪು ಮಾಡುವುದು ನನ್ನದು.

ವೇದಿಕೆಯ ಮುಂದಿನ ಮೆಟ್ಟಿಲುಗಲ್ಲನ್ನು ಹಾರೆಯಿಂದ ಮೀಟಿ ಮಗುಚಿದ ಗೌಂಡಿ ಎರಡು ಹೆಜ್ಜೆ ಹಿಂದೆ ಸರಿದ.

“ಬುಡಕ ಮನಶಾ ಅದಾನ್ರೀ!”

ವೀರಗಲ್ಲು. ಕತ್ತಿ ಹಿರಿದ ವೀರ, ಅವನ ಹಿಂದೆ ದನಗಳು, ಮೇಲೆ ಸೂರ್ಯ ಚಂದ್ರ.

ಮಾವನಿಗೆ ಆಶ್ಚರ್ಯವೇ ಆಗಲಿಲ್ಲ. “ನಮ್ಮ ಮುತ್ತ್ಯಾ ಅಬಲೂರು ದಾರಿಯ ಹೊಲದಾಗಿಂದ ಬಂಡಿ ಮ್ಯಾಲೆ ತಂದಿದ್ದನಂತ. ಹೊಲದವರ ತಾವಾಗೇ ಕೊಟ್ಟಿದ್ರು. ವೀರನ ಮೈ ಮ್ಯಾಲೆ ಕಾಲು ಬೀಳಬಾರದು ಅಂತ ಮುಖ ಕೆಳಗ ಮಾಡಿ ಹಾಸ್ಯಾರ. ಇದನ್ನೂ ಬರೀತೇನಿ.”

“ಬ್ಯಾಡ್ರಿ ಮಾಸ್ತರ,” ಅಂದರು ಪಾಸ್ಟರು. “ದಿನಮಾನ ಛಲೋ ಇಲ್ಲ. ಕದ್ದು ತಂದಾರ ಅಂತಾರ.”

“ಪ್ರತಿ ರವಿವಾರ ವಿಶ್ವಾಸ ಪ್ರಮಾಣದಾಗ ಸ್ವಾಮಿನ್ನ ಶಿಲುಬಿಗೆ ಹಾಕಿಸಿದ ರೋಮಿನ ಆ ಅಧಿಕಾರಿ ಹೆಸರು ಹೇಳ್ತೀರಲ್ಲ, ಯಾಕ? ಅವನೇನು ನಿಮ್ಮ ಬೀಗನ?” ಗೌಂಡಿ ನಕ್ಕ, ಮಾವ ನಗಲಿಲ್ಲ. “ಇದು ಕಟ್ಟುಕಥಿ ಅಲ್ಲ, ಇಂಥವನ ಆಳಿಕ್ಯಾಗ, ಇಂಥ ಊರಾಗ ನಡದದ್ದು ಅಂತ ಹೇಳಾಕ. ನಡದದ್ದನ್ನ ನಾವ ಮುಚ್ಚಿದ್ರ, ನಮ್ಮ ಕಡೆ ಉಳಿಯೂದರ ಏನ್ರಿ?”

ಅಷ್ಟರಲ್ಲಿ ಗೌಂಡಿ ಮೊಬೈಲಿನಲ್ಲಿ ಫೋಟೋ ಹೊಡೆದಿದ್ದ.

“ಅಳಸಪಾ ಅದನ್ನ,” ಅಂದರು ಪಾಸ್ಟರು.

“ಅಳಸ್ತೇನಿ ಬಿಡ್ರಿ,” ಅಂತ ಅವನು ಮೊಬೈಲನ್ನು ಕಿಸೆಗೆ ಹಾಕಿಕೊಂಡ.

ಕಲ್ಲನ್ನು ಮೊದಲಿದ್ದಂತೆಯೇ ಮುಖ ಕೆಳಗಾಗಿ ಹಾಸಿದೆವು. ಮಾವ ಅದರ ಬಗ್ಗೆ ನಾಲ್ಕು ಸಾಲು ಬರೆದುಕೊಟ್ಟರು. ಮರುದಿನ ನನಗೆ ಪಾಸ್ಟರ ಫೋನು ಬಂತು. “ನಾಲ್ಕು ಸಾಲು ತಗದ್ರ ಚರಿತ್ರೆ ಏನೂ ಸಾಯೂದಿಲ್ಲ. ಸಭಿಯೊಳಗ ಹೆಣ್ಣಮಕ್ಕಳು, ಸಣ್ಣ ಹುಡುಗರು ಅದಾರ.” ನನಗೂ ಅಂಜಿಕೆ ಇತ್ತು. ಶಿಗ್ಗಾಂವಿಯ ಪ್ರೆಸ್ಸಿಗೆ ಕಳಿಸುವಾಗ ಆ ಸಾಲುಗಳನ್ನು ತೆಗೆದೆ. ಮಾವನಿಗೆ ಹೇಳಲಿಲ್ಲ.

ಹಬ್ಬದ ದಿನ ಮಾವ ಪುಸ್ತಕ ತೆರೆದು ನೇರ ಆ ಸಾಲುಗಳಿರಬೇಕಾಗಿದ್ದ ಪುಟಕ್ಕೇ ಹೋದರು. ಓದಿದರು, ಮುಚ್ಚಿದರು, ಚೀಲಕ್ಕೆ ಹಾಕಿಕೊಂಡರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹಬ್ಬವಾದ ಮೂರನೇ ದಿನ ಮಾವ, ನಾನು ಚರ್ಚಿನಲ್ಲಿದ್ದಾಗ ಗುರುತಿಲ್ಲದ ಇಬ್ಬರು ಬೈಕಿನಲ್ಲಿ ಬಂದರು. ಅವರ ಮೊಬೈಲಿನಲ್ಲಿ ನಮ್ಮ ಕಲ್ಲಿನ ಚಿತ್ರವಿತ್ತು. ಒಬ್ಬ ಮೇಜಿನ ಮೇಲಿದ್ದ ಪುಸ್ತಕ ಎತ್ತಿಕೊಂಡು ನಿಧಾನಕ್ಕೆ ಹಾಳೆ ತಿರುವಿದ.

“ಹಾರ್ಮೋನಿಯಂ ತಂದದ್ದೂ ಬರದೀರಿ. ಇದೊಂದ ಯಾಕಿಲ್ರಿ, ಅಜ್ಜಾರ?”

“ಬರದಿದ್ದೆ,” ಅಂದರು ಮಾವ. ನನ್ನ ಕಡೆ ನೋಡಲಿಲ್ಲ.

“ಹೌದೌದು, ಕಾಣಾಕತ್ತೈತಿ.” ಪುಸ್ತಕ ಬಗಲಲ್ಲಿಟ್ಟುಕೊಂಡು ಹೊರಟರು. ಹೋಗುವಾಗ ಬಾಗಿಲಲ್ಲಿ ನಿಂತು ಕಿಟಕಿಗಳನ್ನೆಲ್ಲ ಒಂದು ಸುತ್ತು ನೋಡಿದರು.

ಮುಂದಿನ ರವಿವಾರ ಸಭೆಯ ಹನ್ನೊಂದು ಮನೆಗಳ ಪೈಕಿ ನಾಲ್ಕು ಮನೆಯವರಷ್ಟೇ ಬಂದರು. ಎಲ್ಲರೂ ಎದ್ದು ನಿಂತು ವಿಶ್ವಾಸ ಪ್ರಮಾಣ ಹೇಳುವಾಗ ಯಾವಾಗಲೂ ಎಲ್ಲರಿಗಿಂತ ಮೇಲೆ ಕೇಳುವುದು ಮಾವನ ದನಿ. ಇದು ನಡೆದದ್ದು ಅಂತ ಹೇಳಲು ಇಟ್ಟ, ರೋಮಿನ ಆ ಅಧಿಕಾರಿಯ ಹೆಸರು ಬರುವ ಮುಂಚೆ ಅದು ನಿಂತಿತು. ಮಾವ ಕುಳಿತುಕೊಂಡರು.