ರಫೂ ಅಜ್ಜಿ ಒಲೆಗೆ ಮೆತ್ತಿದ ಮಣ್ಣು

ಬಟ್ಟೆಗೆ ತೂತು ಬಿದ್ದರೆ ಆ ಬೀದಿಯವರೆಲ್ಲ ಓಡುತ್ತಿದ್ದದ್ದು ರಫೂ ಅಜ್ಜಿಯ ಮನೆಗೆ. ಇಲಿ ಕಡಿದ ಕೋಟು, ಸಿಗರೇಟು ಸುಟ್ಟ ಪ್ಯಾಂಟು, ಮೊಳೆಗೆ ಸಿಕ್ಕಿ ಹರಿದ ಶಾಲು, ಏನೇ ಕೊಟ್ಟರೂ ಅದರದೇ ಅಂಚಿನಿಂದ ಎಳೆ ಕಿತ್ತು, ಕೊಟ್ಟವರೇ ತೂತನ್ನು ಹುಡುಕಿ ಸೋಲುವ ಹಾಗೆ ನೇಯ್ದು ಕೊಡುತ್ತಿದ್ದಳು. ಎಲ್ಲಿತ್ತು ಎಂದು ಯಾರಾದರೂ ಕೇಳಿದರೆ, ನನಗೇ ಮರೆತುಹೋಯಿತು ಅನ್ನುವಳು. ಶುದ್ಧ ಸುಳ್ಳು. ತಾನು ಮುಚ್ಚಿದ ಒಂದು ತೂತನ್ನೂ ಅವಳು ಮರೆತವಳಲ್ಲ.

ಈ ಕಸುಬು ಬಟ್ಟೆಯ ಮಟ್ಟಿಗೆ ನಿಂತಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಗಂಡನನ್ನು ಕೆಲಸದಿಂದ ತೆಗೆದಾಗ, ಅವರಿಗೇ ಬೇಜಾರು ಬಂದು ಬಿಟ್ಟರು ಎಂದಳು. ಮಗ ಒಂದೇ ಕ್ಲಾಸಿನಲ್ಲಿ ಮತ್ತೆ ಮತ್ತೆ ಫೇಲಾದಾಗ, ಅವನಿಗೆ ಆ ಮೇಷ್ಟ್ರನ್ನು ಕಂಡರೆ ಬಹಳ ಪ್ರೀತಿ, ಬಿಟ್ಟು ಬರಲಾರ ಎಂದಳು. ಕೇಳಿದವರು ತಲೆದೂಗಿ, ಬೀದಿಯ ತಿರುವು ದಾಟಿದ ಮೇಲೆ ನಗುತ್ತಿದ್ದರು. ಆ ನಗು ಅಜ್ಜಿಗೆ ಕೇಳಿಸುತ್ತಿರಲಿಲ್ಲವಾದ್ದರಿಂದ ಮಾನಕ್ಕೇನೂ ಧಕ್ಕೆ ಬರಲಿಲ್ಲ.

ಮನೆಯ ಮೂಲೆಯಲ್ಲೊಂದು ಕಬ್ಬಿಣದ ಸೌದೆ ಒಲೆ. ಅಡಿಗೆಗೂ ಅದೇ, ಚಳಿಗೂ ಅದೇ. ಪಕ್ಕೆ ಸೀಳಿತ್ತು, ಬಾಗಿಲನ್ನು ತಂತಿಯಲ್ಲಿ ಕಟ್ಟಿತ್ತು, ಹೊಗೆ ಕೊಳವೆ ತುಕ್ಕು ಹಿಡಿದು ಜಾಲರಿಯಾಗಿತ್ತು. ಹೊಗೆ ಹೋಗಬೇಕಾದ ಕಡೆ ಒಂದು ಬಿಟ್ಟು ಉಳಿದೆಲ್ಲ ಕಡೆ ಹೋಗುತ್ತಿತ್ತು. ಗಂಡ ತೀರಿಹೋಗಿದ್ದ, ಲಾರಿ ಓಡಿಸುವ ಮಗ ಮನೆಯಲ್ಲಿರುತ್ತಿದ್ದದ್ದೇ ಅಪರೂಪ. ಆ ಹೊಗೆ ಕುಡಿಯುತ್ತಿದ್ದವರು ಅಜ್ಜಿ, ಸೊಸೆ, ಇನ್ನೂ ಮಾತು ಕಲಿಯುತ್ತಿದ್ದ ಮೊಮ್ಮಗಳು.

ಚಳಿ ಶುರುವಾದ ಮೇಲೆ ಸೊಸೆ ಎರಡು ಸಲ ಒಲೆಯ ಮುಂದೆಯೇ ತಲೆ ತಿರುಗಿ ಬಿದ್ದಳು. ಅಜ್ಜಿ ಬೀದಿಗೆಲ್ಲ ಸಾರಿದಳು: ಹುಡುಗಿ ಸರಿಯಾಗಿ ಉಣ್ಣುವುದಿಲ್ಲ, ತೌರಿಂದ ಬಂದಾಗಲೇ ಹೀಗೆ, ರಕ್ತವೇ ಇಲ್ಲ. ಆದರೆ ಒಲೆಯ ಹತ್ತಿರ ಕೂತರೆ ಅಜ್ಜಿಗೂ ತಲೆ ಧಿಮ್ಮೆನ್ನುತ್ತಿತ್ತು, ಅಂಗಳಕ್ಕೆ ಬಂದರೆ ಇಳಿಯುತ್ತಿತ್ತು. ಗಾಳಿ ಆರೋಗ್ಯಕ್ಕೆ ಒಳ್ಳೆಯದೆಂದು ಕಿಟಕಿ ತೆಗೆಯುವಳು. ಮಗುವಿಗೆ ಶೀತವೆಂದು ಸೊಸೆ ಮುಚ್ಚುವಳು. ಯಾಕೆ ತೆಗೆದೆ ಎಂದು ಹೇಳಲು ಅಜ್ಜಿಗೆ ಬಾಯಿ ಬರಲಿಲ್ಲ. ಹೇಳಿದರೆ, ಒಂದು ಒಲೆ ಕೊಳ್ಳುವ ಗತಿಯಿಲ್ಲ ಎಂದೂ ಹೇಳಬೇಕಾಗುತ್ತಿತ್ತಲ್ಲ.

ಇಂಥ ಮನೆಗಳಿಗೆ ಹೊಸ ಒಲೆ ಕೊಡುವ ಸಮಿತಿಯೊಂದಿದೆ ಎಂದು ಸೊಸೆಗೆ ತಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಗೊತ್ತಾಯಿತು. ಹೋಗಿ ಕೇಳಿ ಬಂದಳು. ನಾವೇನು ಕೈಚಾಚೋರಾ ಎಂದು ಅಜ್ಜಿ ಮುಖ ಊದಿಸಿಕೊಂಡಳು. ಆಚೆ ಬೀದಿಯ ಪೋಸ್ಟ್‌ಮ್ಯಾನ್ ಮನೆಯವರೂ ತೆಗೆದುಕೊಂಡಿದ್ದಾರೆಂದು ತಿಳಿದ ಮೇಲೆ, ಹೆಚ್ಚೇನೂ ಮಾತಿಲ್ಲದೆ ಒಪ್ಪಿದಳು. ಸಮಿತಿಯವರು ಬಂದು ಒಲೆ ನೋಡುವುದು, ಅಪಾಯ ಕಂಡರೆ ಬದಲಾಯಿಸುವುದು, ಇಷ್ಟೇ ವ್ಯವಸ್ಥೆ.

ಅವರು ಬರುವ ಹಿಂದಿನ ದಿನ ಸೊಸೆ ಮಗುವನ್ನು ಕರೆದುಕೊಂಡು ಕೆಲಸಕ್ಕೆ ಹೋದಳು. ಅಜ್ಜಿ ಒಲೆಯನ್ನೊಮ್ಮೆ ನೋಡಿದಳು. ನಾಕು ಜನ ದೊಡ್ಡವರು ಬಂದು ಇದನ್ನು ನೋಡುವುದೇ? ಮಣ್ಣಿಗೆ ಬೂದಿ, ಉಪ್ಪು ಕಲಸಿ ಸೀಳಿಗೆ ಮೆತ್ತಿದಳು, ಕೊಳವೆಗೂ ಬಳಿದಳು, ಬೆರಳಲ್ಲಿ ನಯ ಮಾಡಿದಳು, ಒಣಗಿದ ಮೇಲೆ ಕಪ್ಪು ಪಾಲಿಷ್ ಹೊಡೆದಳು. ತಂತಿ ಕಿತ್ತು ಬಾಗಿಲಿನ ತಿರುಗಣಿಗೆ ಮೊಳೆ ತೂರಿಸಿದಳು. ಸಂಜೆ ಸೊಸೆ ಒಳಗೆ ಕಾಲಿಟ್ಟರೆ ಒಲೆ ಮದುವಣಗಿತ್ತಿಯ ಹಾಗೆ ಮಿರಮಿರ ಮಿಂಚುತ್ತಿತ್ತು.

“ಏನ್ ಮಾಡ್ಬಿಟ್ರಿ ಅತ್ತೆ?” ಎಂದು ಸೊಸೆ ಸೀಳು ಇದ್ದ ಜಾಗವನ್ನು ತಡವಿ ನೋಡಿದಳು.

ಪಾಲಿಷ್ ಮಂಕಾದೀತೆಂದು ಆ ಸಂಜೆ ಒಲೆಯನ್ನೇ ಹಚ್ಚಲಿಲ್ಲ. ಮೂವರೂ ಅಂಗಡಿಯ ಬ್ರೆಡ್ ತಿಂದು ನಡುಗುತ್ತ ಮಲಗಿದರು.

ಬೆಳಿಗ್ಗೆ ಸಮಿತಿಯ ಅಧ್ಯಕ್ಷೆ ಬಂದರು. ಅವರ ಸೆಂಟು ಅವರಿಗಿಂತ ಮೊದಲು ಬಂತು. ಬಡತನವನ್ನು ಬೆಳಕಿರುವ ಕಡೆ ನಿಲ್ಲಿಸಿ ಫೋಟೋ ತೆಗೆಯುವುದರಲ್ಲಿ ಅವರದು ಪಳಗಿದ ಕೈ. ಒಲೆ ನೋಡಿ ಅವರ ಮುಖ ಸಪ್ಪಗಾಯಿತು, ಫೋನು ಪರ್ಸಿಗೆ ವಾಪಸಾಯಿತು. ಜೊತೆಗೆ ಬಂದ ಫಿಟ್ಟರ್ ಟಾರ್ಚು ಬಿಟ್ಟ, ತಟ್ಟಿದ, ತಲೆ ಕೆರೆದುಕೊಂಡ. ಹಚ್ಚಿ ನೋಡಬೇಕು ಎಂದ. ಇನ್ನೂ ಎಷ್ಟೋ ಮನೆ ಇವೆ, ಅಷ್ಟೆಲ್ಲ ಪುರುಸೊತ್ತಿಲ್ಲ ಎಂದರು ಅಧ್ಯಕ್ಷೆ. ಆಮೇಲೆ ಅಜ್ಜಿಯ ಕೈ ಹಿಡಿದು, ಇಷ್ಟು ಚೊಕ್ಕಟವಾಗಿ ಇಟ್ಟುಕೊಂಡವರನ್ನು ನಾನು ಕಂಡೇ ಇಲ್ಲ, ನಿಮಗೆ ಒಲೆ ಯಾಕೆ, ನಿಜವಾಗಿ ಕಷ್ಟದಲ್ಲಿರುವವರಿಗೆ ಕೊಡೋಣ ಎಂದರು. ಅಜ್ಜಿಯ ಎದೆ ಉಬ್ಬಿತು. ಉಬ್ಬಿತು ಅನ್ನುವುದನ್ನು ನಾನು ಮುಚ್ಚಿಡುವುದಿಲ್ಲ.

ಸೊಸೆ ಬಾಗಿಲಿಗೆ ಅಡ್ಡ ನಿಂತಳು. ತಾನು ಎರಡು ಸಲ ಬಿದ್ದದ್ದನ್ನು ಹೇಳಿದಳು.

“ಗೊತ್ತು ಕಣಮ್ಮ, ಬೀದೀಲಿ ಹೇಳಿದ್ರು. ನೀನು ಸರಿಯಾಗಿ ಊಟ ಮಾಡಲ್ವಂತೆ,” ಎಂದರು ಅಧ್ಯಕ್ಷೆ, ಮರುಕದಿಂದ.

ಸೊಸೆ ದಾರಿ ಬಿಟ್ಟು ಸರಿದು ನಿಂತಳು, ಅಷ್ಟೇ. ತಾನು ಹೊಲಿದ ಸುಳ್ಳು ಇನ್ನೊಬ್ಬರ ಮೈಮೇಲೆ ಎಷ್ಟು ಚೆನ್ನಾಗಿ ಕೂತಿದೆ ಎಂದು ಅಜ್ಜಿಗೆ ಮೊದಲ ಸಲ ಕಂಡಿತು. ಅವಳಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಫಿಟ್ಟರ್‌ನ ಕೈಯಿಂದ ಸ್ಕ್ರೂಡ್ರೈವರ್ ಕಸಿದುಕೊಂಡು ಒಲೆಯ ಪಕ್ಕೆಗೆ ಚುಚ್ಚಿದಳು. ಮಣ್ಣು ಬೇಗ ಏಳಲಿಲ್ಲ, ಕೆಲಸ ಅಷ್ಟು ಗಟ್ಟಿ. ಏದುಸಿರು ಬಿಡುತ್ತ ಕೆರೆದಳು. ಕೊನೆಗೆ ಹೆಂಟೆ ಹೆಂಟೆಯಾಗಿ ಉದುರಿತು, ಸೀಳಿನೊಳಗೆ ಅಂಗೈ ಹೋಗುವಷ್ಟು ಜಾಗ ಕಂಡಿತು.

“ಇಲ್ಲಿದೆ ನೋಡಿ. ಇಲ್ಲೊಂದು, ಕೊಳವೇಲಿ ಇನ್ನೂ ಇವೆ,” ಎಂದಳು. “ನನ್ನ ಸೊಸೆ ಚೆನ್ನಾಗೇ ಊಟ ಮಾಡ್ತಾಳೆ. ಅವಳು ಬಿದ್ದಿದ್ದು ಈ ಹೊಗೆಗೆ. ನನಗೆ ಗೊತ್ತಿತ್ತು.”

ಅಧ್ಯಕ್ಷೆಯ ಮುಖ ಅರಳಿತು. ಫೋನು ಮತ್ತೆ ಹೊರಬಂತು. ಅಜ್ಜಿ, ಸ್ವಲ್ಪ ಈ ಕಡೆ ಬೆಳಕಿಗೆ ಬನ್ನಿ ಎಂದರು. ಹೊಸ ಒಲೆ ಇದೇ ವಾರ ಬರುತ್ತದೆ ಎಂದ ಫಿಟ್ಟರ್, ಅಲ್ಲಿಯವರೆಗೆ ಇದನ್ನು ಹಚ್ಚಲೇಬೇಡಿ ಎಂದು ಎರಡೆರಡು ಸಲ ಹೇಳಿದ. ಅಜ್ಜಿ ಬೆಳಕಿಗೆ ಬಂದು ನಿಂತಳು, ಕೈತುಂಬ ಮಸಿ.

ಸೊಸೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಎದುರು ಬಂದಳು.

“ಇವಳನ್ನ ದಿನಾ ಒಲೆ ಪಕ್ಕಾನೇ ಮಲಗಿಸ್ತಿದ್ದೆ ಅತ್ತೆ. ಆಗ್ಲೂ ಗೊತ್ತಿತ್ತಾ?”

ಎಲ್ಲದಕ್ಕೂ ಹೊಂದುವ ಎಳೆ ಅಜ್ಜಿಯ ಹತ್ತಿರ ಇರುತ್ತಿತ್ತು. ಈಗ ಹುಡುಕಲಿಲ್ಲ. ಗೊತ್ತಿತ್ತು ಎಂದಳು. ಸೊಸೆ ಕಿಟಕಿಯ ಹತ್ತಿರ ಹೋಗಿ ಎರಡೂ ಬಾಗಿಲನ್ನು ಪೂರ್ತಿ ತೆಗೆದು, ಅತ್ತೆಗೆ ಬೆನ್ನು ಮಾಡಿ ನಿಂತಳು.