ಚೇರ್ಮನ್ನರ ಪುಸ್ತಕದಲ್ಲಿ ಇಲ್ಲದ ನಾಲ್ಕು ಪುಟ

ಪುಸ್ತಕ ಅಚ್ಚು ಹಾಕಿಸಬೇಕೆಂದಿರುವವರಿಗೆ ಮೊದಲು ಒಂದು ಮಾತು. ಪ್ರೆಸ್ಸಿನವರು ಪುಟಕ್ಕೆ ದರ ಹೇಳುವುದಿಲ್ಲ, ಫಾರಂಗೆ ಹೇಳುತ್ತಾರೆ. ಹದಿನಾರು ಪುಟ ಸೇರಿದರೆ ಒಂದು ಫಾರಂ. ನಿಮ್ಮದು ನಾಲ್ಕೇ ಪುಟ ಹೆಚ್ಚಾದರೂ ಇನ್ನೊಂದು ಫಾರಂ ಎಂದು ಪೂರ್ತಿ ದರ ಹಾಕುತ್ತಾರೆ. ಕೈಬರಹ ಕೊಡುವ ಮೊದಲೇ ಎಣಿಸಿಕೊಳ್ಳಿ. ಐವತ್ತರ ದಶಕದ ಕೊನೆಯಲ್ಲಿ ನಾನು ಕಲಿತ ಪಾಠವಿದು. ಎಷ್ಟು ಚೆನ್ನಾಗಿ ಕಲಿತೆನೆಂದರೆ, ಅದರಿಂದ ಒಂದು ಮನೆ ಹಾಳಾಯಿತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ತಲೆ ಮೇಲೆ ದ್ರಾಕ್ಷಿ ಬುಟ್ಟಿ ಹೊತ್ತು ಹೆಬ್ಬಾಳದವರೆಗೆ ನಡೆದು ಮಾರಿದವನು. ಆಮೇಲೆ ಹಣ್ಣು ಬಳ್ಳಿಯಲ್ಲಿರುವಾಗಲೇ ಇಡೀ ತೋಟದ ಫಸಲಿಗೆ ದರ ಮಾತಾಡಿಕೊಳ್ಳುವಷ್ಟು ಬೆಳೆದೆ. ಯಲಹಂಕದಿಂದ ಬ್ಯಾಟರಾಯನಪುರದವರೆಗೆ ಯಾರು ಎತ್ತು ಕೊಳ್ಳಲಿ, ಮದುವೆಗೆ ಪಾತ್ರೆ ಕೊಳ್ಳಲಿ, ಚೌಕಾಸಿಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಹಾಗೆಯೇ ನಮ್ಮೂರ ಪಂಚಾಯ್ತಿಯ ಮಾಜಿ ಅಧ್ಯಕ್ಷರೂ ಕರೆದರು. ಅಧಿಕಾರ ಹೋಗಿದ್ದರೂ ಊರಿಗೆಲ್ಲ ಅವರು ಚೇರ್ಮನ್ನರೇ. ತಮ್ಮ ಬದುಕಿನ ಕಥೆ ಬರೆದಿದ್ದರು. ಯಶವಂತಪುರದ ಸ್ಟೇಷನ್ ಹಿಂದಿನ ಒಂದು ಪ್ರೆಸ್ಸಿನಲ್ಲಿ ದರ ಕುದುರಿಸಿಕೊಡು ಎಂದರು.

ಪ್ರೆಸ್ಸಿನವನು ಎಣಿಸಿ, ಆರು ಫಾರಂ ಮೇಲೆ ನಾಲ್ಕು ಪುಟ ಆಗುತ್ತದೆ ಎಂದ. ಯಾವ ನಾಲ್ಕು ಪುಟ ಬಿಡಬಹುದೆಂದು ನೋಡಲು ಕೈಬರಹವನ್ನು ನಾನು ಮನೆಗೆ ತಂದು ಓದಿದೆ. ಬಾವಿಯ ವಿಷಯ ಸಿಕ್ಕಿದ್ದು ಆಗ.

ಕೆಲವು ವರ್ಷದ ಹಿಂದೆ ಪಂಚಾಯ್ತಿ ಬಾವಿಯ ಹೂಳು ತೆಗೆಯಲು ಇಳಿದ ಕೂಲಿಯವನೊಬ್ಬ ಸತ್ತಿದ್ದ. ಕುಡಿದು ಇಳಿದು ಬಿದ್ದ ಎಂದು ಊರೆಲ್ಲ ನಂಬಿತ್ತು, ನಾನೂ ನಂಬಿದ್ದೆ. ಚೇರ್ಮನ್ನರು ಬರೆದದ್ದೇ ಬೇರೆ. ಹಳೇ ಬಾವಿಗೆ ಇಳಿಯುವ ಮೊದಲು ಉರಿಯುವ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ನೋಡುವುದು ನಮ್ಮ ಕಡೆಯ ಪದ್ಧತಿ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಯಾರೂ ಇಳಿಯುವುದಿಲ್ಲ. ಆ ಬೆಳಿಗ್ಗೆ ಅಲ್ಲಿ ಇದ್ದವರು ಚೇರ್ಮನ್ನರು, ಆ ಕೂಲಿಯವನು, ಇಬ್ಬರೇ. ಲಾಟೀನು ತರುತ್ತೇನೆಂದು ಅವನು ಹೊರಟನಂತೆ. ಮರುದಿನ ದೊಡ್ಡ ಆಫೀಸರೊಬ್ಬರು ಬಾವಿ ನೋಡಲು ಬರುವವರಿದ್ದರು. ಹೊತ್ತಿಲ್ಲ, ಇಳಿ ಎಂದು ಚೇರ್ಮನ್ನರೇ ಗದರಿಸಿ ಇಳಿಸಿದರಂತೆ. ಅರ್ಧ ಇಳಿಯುವಷ್ಟರಲ್ಲಿ ಅವನು ಹಗ್ಗ ಬಿಟ್ಟ. ಅವನು ಕುಡಿದಿರಲಿಲ್ಲ, ಕುಡಿದಿದ್ದ ಎಂಬ ಮಾತನ್ನು ಮೊದಲು ಆಡಿದ್ದು ತಾವೇ ಎಂದು ತಮ್ಮ ಕೈಯಾರೆ ಬರೆದಿದ್ದರು. ಅಚ್ಚಿನಲ್ಲಿ ಸರಿಯಾಗಿ ನಾಲ್ಕು ಪುಟ ಆಗುವಷ್ಟು.

ನಾನು ಹೋಗಿ ಹೇಳಿದೆ: “ಯಾಕ್ ಸ್ವಾಮಿ ನಿಮಗಿದು? ನಿಮ್ಮ ಕುತ್ತಿಗೆಗೆ ನೀವೇ ಹಗ್ಗ ಹಾಕ್ಕೊಂಡಂಗೆ. ಇದು ತೆಗೆದ್ರೆ ಆರು ಫಾರಂಗೆ ಕರೆಕ್ಟಾಗಿ ಕೂತ್ಕೊಳ್ತದೆ.”

“ಇದನ್ನ ಪುಸ್ತಕದಲ್ಲಿ ಬರೀತೀನಿ ಅಂತ ಅವನ ಹೆಂಡ್ತಿಗೆ ಮಾತು ಕೊಟ್ಟಿದ್ದೀನಲ್ಲಯ್ಯ.”

“ಆಕೆಗೆ ಓದಕ್ಕೆ ಎಲ್ಲಿ ಬರ್ತದೆ ಸ್ವಾಮಿ?”

ಅವರು ನಕ್ಕರು. ನಾನೂ ನಕ್ಕೆ. ಯಾರಾದರೂ ಬೇಡ ಎನ್ನಲಿ ಎಂದೇ ಅವರು ಕಾಯುತ್ತಿದ್ದರೆಂದು ನನಗೆ ಆಗಲೇ ಗೊತ್ತಾಗಿತ್ತು. ಎದುರಿನವನಿಗೆ ಏನು ಬೇಕೆಂದು ಗೊತ್ತಾದ ಮೇಲೆ ವ್ಯಾಪಾರ ಮುಗಿಸದೆ ಎದ್ದು ಬರುವ ಅಭ್ಯಾಸ ನನಗಿರಲಿಲ್ಲ.

ಪುಸ್ತಕ ಬಂತು. ಊರಿನಲ್ಲಿ ಓದು ಬಂದವರೆಲ್ಲ ಅದನ್ನು ಕೊನೆಯಿಂದ ಮೊದಲಿಗೆ, ಮಧ್ಯದಿಂದ ಅಂಚಿಗೆ ತಿರುವಿಹಾಕಿದರು. ಕಥೆ ಯಾರಿಗೂ ಬೇಕಿರಲಿಲ್ಲ, ತಮ್ಮ ತಮ್ಮ ಹೆಸರು ಬೇಕಿತ್ತು. ಬಳ್ಳಾರಿ ರಸ್ತೆಯ ಟೀ ಹೋಟೆಲಿನ ಬೆಂಚಿನ ಮೇಲೆ ದಿನವೂ ಇದೇ ಜಗಳ.

“ಅವರ ಬಾವಮೈದನಿಗೆ ಹನ್ನೊಂದು ಸಾಲು ಕಣ್ರೀ. ನಂಗೆ ಒಂದೂವರೆ! ಅದ್ರಲ್ಲೂ ಅರ್ಧ ಸಾಲು ನಮ್ಮಪ್ಪನ ಹೆಸರೇ ತಿಂದ್ಬಿಟ್ಟೈತೆ” ಎಂದು ಪಂಚಾಯ್ತಿಯ ಹಳೇ ಮೆಂಬರೊಬ್ಬರು ಬೆರಳಲ್ಲಿ ಅಳೆದು ತೋರಿಸಿದರು.

“ನಿಮ್ದು ಎಷ್ಟೋ ವಾಸಿ ಬುಡಿ” ಎಂದ ಪಕ್ಕದ ರೈತ. “ಸ್ಕೂಲಿಗೆ ಕಲ್ಲು ಸಾಗ್ಸಿದ್ದು ನನ್ ಗಾಡಿ. ಆ ಬಿಳೀ ಎತ್ತು ಬಲು ಸಾಧು, ಬಲು ಶ್ರಮಜೀವಿ ಅಂತ ಬರ್ದವ್ರೆ. ಎತ್ತಿನ ಮೂಗುದಾರ ಇಡ್ದಿದ್ದ ನಾನೆಲ್ಲೋದೆ?”

“ಎತ್ತು ಓಟು ಹಾಕಲ್ವಲ್ಲ, ಅದಕ್ಕೇ ನಿಜ ಬರೆದವ್ರೆ ಮಗಾ” ಎಂದು ಹೋಟೆಲಿನವನು ಅಂದ. ಬೆಂಚೆಲ್ಲ ನಕ್ಕಿತು, ಆ ರೈತ ನಗಲಿಲ್ಲ. ಸಂಜೆ ಹೋಗಿ ಪುಸ್ತಕವನ್ನು ಚೇರ್ಮನ್ನರ ಜಗಲಿಯ ಮೇಲೆ ಎಸೆದು ಬಂದ. ಅವನನ್ನು ನೋಡಿ ಉಳಿದವರೂ ತಂದು ಎಸೆದರು. ಕೊನೆಗೆ ಹನ್ನೊಂದು ಸಾಲಿನ ಬಾವಮೈದನೂ, ತನ್ನನ್ನು ಜಿಪುಣ ಎಂದು ಬರೆದಿದ್ದಾರೆಂದು ವಾಪಸ್ಸು ಕೊಟ್ಟ.

ಆ ವಾರದಲ್ಲೇ ಬಾವಿಯಲ್ಲಿ ಸತ್ತವನ ಹೆಂಡತಿ ನನ್ನ ಮನೆಗೆ ಬಂದಳು. ಪುಸ್ತಕವನ್ನು ಸೆರಗಿನಲ್ಲಿ ಸುತ್ತಿ ತಂದಿದ್ದಳು.

“ಅಣ್ಣ, ನಮ್ಮೆಜಮಾನ್ರ ಇಸ್ಯ ಎಲ್ಲೈತೆ, ವಸಿ ಆ ಆಳೆ ಮಡಿಸಿ ಕೊಡಿ.”

ಯಾಕೆ ಎಂದೆ. ಬಾಗಲಗುಂಟೆಯಿಂದ ಮಗಳಿಗೆ ಸಂಬಂಧ ಬಂದಿತ್ತು. ಹುಡುಗಿ ಅವರಿಗೆ ಒಪ್ಪಿಗೆಯಾಗಿದ್ದಳು, ಆದರೆ ಕುಡಿದು ಸತ್ತವನ ಮಗಳು ಎಂಬ ಮಾತು ಅಲ್ಲಿಗೂ ಮುಟ್ಟಿತ್ತು. ಚೇರ್ಮನ್ನರ ಪುಸ್ತಕ ಬರಲಿ, ಅದರಲ್ಲಿ ನಿಜ ಇರುತ್ತದೆ, ಓದಿ ಆಮೇಲೆ ಹೇಳಿ ಎಂದು ಈಕೆ ಅವರನ್ನು ಮೂರು ತಿಂಗಳು ತಡೆದಿಟ್ಟಿದ್ದಳು. ಹುಡುಗನ ಸೋದರಮಾವ ಪುಸ್ತಕ ತರಿಸಿ ಓದಿ, ಏನೂ ಇಲ್ಲವಲ್ಲ ಎಂದು ಹೇಳಿ ಕಳಿಸಿದ್ದ.

“ಅವ್ರು ಸರ್ಯಾಗಿ ನೋಡಿಲ್ಲ ಅಣ್ಣ. ದಪ್ಪ ಪುಸ್ತ್ಕ. ನೀವೇ ಮುಂದ್ ನಿಂತು ಅಚ್ಚಾಕ್ಸಿದ್ರಂತಲ್ಲ, ನಿಮ್ಗೆ ಗೊತ್ತಿರ್ತದೆ.”

ನೋಡಿ ಹೇಳುತ್ತೇನೆ ಎಂದು ಕಳಿಸಿದೆ. ತೆಗೆಸಿದ ಆ ಕೈಬರಹದ ಹಾಳೆ ಸಿಕ್ಕೀತೇ ಎಂದು ಮರುದಿನ ಯಶವಂತಪುರಕ್ಕೆ ಓಡಿದೆ. ಅಚ್ಚಿನ ಮೊಳೆ ಜೋಡಿಸದೆ ಬಿಟ್ಟ ಹಾಳೆಯನ್ನು ಯಾರು ಇಟ್ಟುಕೊಳ್ಳುತ್ತಾರೆ, ಮೆಷಿನ್ನಿನ ಮಸಿ ಒರೆಸಲು ಹೋಗಿರುತ್ತದೆ ಎಂದು ಪ್ರೆಸ್ಸಿನವನು ಆಚೆ ಕಸದ ತೊಟ್ಟಿಯ ಕಡೆ ಕೈ ತೋರಿಸಿದ.

ಅಲ್ಲಿಂದ ನೇರ ಚೇರ್ಮನ್ನರ ಮನೆಗೆ ಹೋದೆ. ವಾಪಸ್ಸು ಬಂದ ಪುಸ್ತಕಗಳ ನಡುವೆ ಕೂತಿದ್ದರು. ಇನ್ನೊಮ್ಮೆ ಬರೆಯಿರಿ, ಪುಸ್ತಕ ಬೇಡ, ಒಂದು ಕಾಗದದಲ್ಲಿ ಎರಡು ಸಾಲು, ಕೆಳಗೆ ರುಜು ಎಂದು ಕೇಳಿಕೊಂಡೆ.

“ಒಂದು ಎತ್ತಿನ ವಿಷಯ ಬರೆದಿದ್ದಕ್ಕೆ ಹಿಂಗೆ ಆಡ್ತವ್ರೆ ಜನ. ಇದು ಬರೆದ್ರೆ ಮನೆಗೆ ಬೆಂಕಿ ಹಾಕ್ತಾರೆ. ಇನ್ನು ಪೆನ್ನು ಮುಟ್ಟಲ್ಲ ನಾನು.”

“ಹುಡುಗಿ ಬಾಳು ಸ್ವಾಮಿ.”

“ಬೇಡ ಅಂದೋನು ನೀನೇ ಅಲ್ವೇನಯ್ಯಾ?”

ಅವತ್ತು ವ್ಯಾಪಾರ ಮುಗಿಸದೆ ಎದ್ದು ಬಂದೆ. ಬಾಗಲಗುಂಟೆಗೆ ನಾನೇ ಹೋಗಿ ಹುಡುಗನ ಸೋದರಮಾವನ ಮುಂದೆ ಕೂತು, ಲಾಟೀನಿನಿಂದ ಹಿಡಿದು ಎಲ್ಲ ಹೇಳಿದೆ. ನನ್ನ ಕಣ್ಣಾರೆ ಓದಿದ್ದೇನೆ, ಆ ಪುಟಗಳನ್ನು ತೆಗೆಸಿದವನೂ ನಾನೇ ಎಂದೆ. ಆತ ತಾಳ್ಮೆಯಿಂದ ಕೇಳಿದ. ಕಾಫಿ ಕೊಡಿಸಿದ.

“ನೀವು ದ್ರಾಕ್ಷಿಯೋರಲ್ವಾ ಯಜಮಾನ್ರೇ? ನಮ್ಮ ಭಾವನ ತೋಟದ ಫಸಲಿಗೆ ಬಂದಿದ್ರಿ. ಸಿಹಿ ಹಣ್ಣನ್ನ ಹುಳಿ ಹುಳಿ ಅಂತಾನೇ ಅರ್ಧ ರೇಟಿಗೆ ಇಳಿಸಿದ್ರಿ” ಎಂದು ನಕ್ಕ. “ಬರೆದಿದ್ರೆ ತೋರ್ಸಿ, ನಾಳೆನೇ ವೀಳ್ಯ ಶಾಸ್ತ್ರ ಮಾಡ್ತೀವಿ.”

ತೋರಿಸಲು ಏನಿತ್ತು?

ವಾಪಸ್ಸು ಬಂದು, ಆ ವಿಷಯ ಪುಸ್ತಕದಲ್ಲಿ ಇಲ್ಲ ಎಂದಷ್ಟೇ ಆಕೆಗೆ ಹೇಳಿದೆ. ಯಾಕಿಲ್ಲ ಎಂದು ಹೇಳಲಿಲ್ಲ. ಹುಡುಗನ ಸೋದರಮಾವನ ಮುಂದೆ ಬಂದ ಮಾತು ಆಕೆಯ ಮುಂದೆ ಬರಲಿಲ್ಲ. ಅಭ್ಯಾಸಬಲದಿಂದ ಒಂದು ಸಲಹೆಯನ್ನೂ ಕೊಟ್ಟೆ: “ದೂರದ ಕಡೆ ನೋಡಮ್ಮ, ದೊಡ್ಡಬಳ್ಳಾಪುರದಿಂದ ಆಚೆ. ಅಲ್ಲಿ ಯಾರಿಗೂ ಈ ಸುದ್ದಿ ಗೊತ್ತಿರಲ್ಲ.”

“ದೂರ ಯಾಕಣ್ಣ” ಎಂದಳು. “ನಮ್ಮನೇಲೇ ನನ್ ಮಗ್ಳು ನಿನ್ನೆ ಕೇಳಿದ್ಲು, ಅಪ್ಪ ನಿಜ್ವಾಗ್ಲೂ ಕುಡಿದಿದ್ನಾ ಅಂತ. ಇಷ್ಟ್ ದಿನ ಕೇಳಿರಲಿಲ್ಲ.”

ಪುಸ್ತಕವನ್ನು ನನ್ನ ಬಾಗಿಲಲ್ಲೇ ಇಟ್ಟು ಹೋದಳು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಚೇರ್ಮನ್ನರು ತೀರಿಕೊಂಡರು. ಆ ಹುಡುಗಿಗೆ ಮದುವೆಯಾಗಲಿಲ್ಲ. ಆ ನಾಲ್ಕು ಪುಟ ಓದಿದವನು ಈಗ ನಾನೊಬ್ಬನೇ, ಅದಕ್ಕೇ ಬರೆಯಲು ಕೂತೆ. ಬರೆದು ಮುಗಿಸಿ ನೋಡಿದರೆ ಸತ್ತವನ ಹೆಸರನ್ನು ನಾನೂ ಹಾಕಿಲ್ಲ, ಊರಿನ ಹೆಸರನ್ನೂ ಹಾಕಿಲ್ಲ. ಚೇರ್ಮನ್ನರ ಕುಟುಂಬದವರು ಇನ್ನೂ ಇದ್ದಾರೆ, ನನ್ನ ಮಕ್ಕಳು ಅವರ ತೋಟದ ಹಣ್ಣನ್ನೇ ಕೊಳ್ಳುತ್ತಾರೆ. ಆಕೆ ಬಂದು ಎಲ್ಲೈತೆ ಅಣ್ಣ ಎಂದು ಕೇಳಿದರೆ, ಇಲ್ಲೂ ಮಡಿಸಿಕೊಡಲು ಒಂದು ಹಾಳೆ ಇಲ್ಲ.